ಹಿಮಯುಗ ಜೋರಾಗಿದ್ದಾಗ ಭೂಮಿ ಪೂರ್ತಿ ಮಂಜುಗಡ್ಡೆ ಆಗಿತ್ತಾ?

ಇಲ್ಲ. ಸುಮಾರು 21,000 ವರ್ಷಗಳ ಹಿಂದೆ, ಕಳೆದ ಹಿಮಯುಗ ತೀರಾ ಜೋರಾಗಿದ್ದಾಗಲೂ ಮಂಜುಗಡ್ಡೆ ಇದ್ದದ್ದು ನೆಲದ ಕಾಲು ಭಾಗದಲ್ಲಷ್ಟೇ. ಜಗತ್ತಿನ ಸರಾಸರಿ ತಾಪಮಾನ ಇಳಿದಿದ್ದೂ ಹೆಚ್ಚುಕಡಿಮೆ 6 ಡಿಗ್ರಿ. ಆದರೆ ಕೆನಡಾ, ಉತ್ತರ ಯುರೋಪಿನ ಮೇಲೆ ಎರಡು ಮೂರು ಕಿಲೋಮೀಟರ್ ದಪ್ಪ ಗಡ್ಡೆ ಕೂತಿತ್ತು. ಅಷ್ಟು ನೀರು ಬಂದಿದ್ದು ಸಮುದ್ರದಿಂದಲೇ ಅಲ್ವಾ? ಹಾಗಾಗಿ ಸಮುದ್ರ ಮಟ್ಟ ಸುಮಾರು 120 ಮೀಟರ್ ಕುಸಿದಿತ್ತು. ತಮಿಳುನಾಡಿನಿಂದ ಶ್ರೀಲಂಕಾಕ್ಕೆ, ಸೈಬೀರಿಯಾದಿಂದ ಅಲಾಸ್ಕಾಕ್ಕೆ ನೆಲದ ಮೇಲೇ ನಡೆದು ಹೋಗಬಹುದಿತ್ತು.

ನನಗೆ ಚಳಿಗಿಂತ ಜಾಸ್ತಿ ಅಚ್ಚರಿ ಅನಿಸೋದು ಆಗಿನ ಬರ. ಸಮುದ್ರ ತಣ್ಣಗಿದ್ದರೆ ಆವಿ ಕಡಿಮೆ, ಮಳೆಯೂ ಕಡಿಮೆ. ನಮ್ಮ ಮುಂಗಾರು ಸೊರಗಿತ್ತು, ಸಹಾರಾ ಮರುಭೂಮಿ ದಕ್ಷಿಣಕ್ಕೆ ಹಬ್ಬಿತ್ತು. ಗ್ರೀನ್‌ಲ್ಯಾಂಡಿನ ಗಡ್ಡೆ ಕೊರೆದರೆ ಆ ಕಾಲದ ಪದರಗಳಲ್ಲಿ ಏಷ್ಯಾದ ಮರುಭೂಮಿಗಳಿಂದ ಹಾರಿ ಬಂದ ಧೂಳು ಈಗಲೂ ಸಿಗುತ್ತದೆ.