ಒಂದೇ ಡಿಎನ್‌ಎ ಇದ್ದರೂ ಎಲೆ ಹಸಿರು, ಬೇರು ಯಾಕಲ್ಲ? ಪೆನ್ಸಿಲ್ ಹಿಡಿದು ನೋಡೋಣ

ನೀವು ಕೇಳಿದ್ದು ಎರಡು ಪ್ರಶ್ನೆ. ಡಿಎನ್‌ಎ ಪ್ರೋಟೀನ್ ಆಗಿ ಬದಲಾಗುವುದು ಹೇಗೆ? ಗಿಡದ ಎಲ್ಲಾ ಕೋಶಗಳಲ್ಲೂ ಅದೇ ಡಿಎನ್‌ಎ ಇದ್ದರೆ ಬೇರು ಯಾಕೆ ಹಸಿರಲ್ಲ? ಮೊದಲೇ ಹೇಳಿಬಿಡುತ್ತೇನೆ, ಡಿಎನ್‌ಎ ಏನಾಗಿಯೂ ಬದಲಾಗುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಬೇಕಾದ ಭಾಗದ ನಕಲು ಮಾತ್ರ ಹೊರಗೆ ಹೋಗುತ್ತದೆ.

ಸುಮ್ನೆ ಚಿತ್ರ ನೋಡುವುದಕ್ಕಿಂತ ಪೆನ್ಸಿಲ್ ಹಿಡಿಯಿರಿ. ಡಿಎನ್‌ಎಯ ಸಂಕೇತ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ. ಹಾಳೆಯ ಮೇಲೆ ಹೀಗೆ ಬರೆಯಿರಿ: ಟಿಎಸಿ ಸಿಎಸಿ ಜಿಟಿಜಿ ಜಿಎಸಿ. ಇದು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಗೆ ಸಂಕೇತ ಶುರುವಾಗುವ ಜಾಗ. ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದನ್ನು ನೋಡಿ ನಕಲು ತೆಗೆಯುತ್ತಾರೋ ಆ ಎಳೆ. ಈಗ ಒಂದೊಂದರ ಕೆಳಗೂ ಅದರ ಜೋಡಿ ಬರೆಯಿರಿ. ಟಿಗೆ ಎ, ಸಿಗೆ ಜಿ, ಜಿಗೆ ಸಿ. ಎ ಬಂದಾಗ ಮಾತ್ರ ಟಿ ಅಲ್ಲ, ಯು. ಎಯುಜಿ ಜಿಯುಜಿ ಸಿಎಸಿ ಸಿಯುಜಿ ಬಂತು ಅಲ್ವಾ? ಹೊರಗೆ ಹೋಗುವ ನಕಲು ಅದೇ, ಹೆಸರು ಎಂಆರ್‌ಎನ್‌ಎ. ಕೋಶದಲ್ಲಿ ಈ ಕೆಲಸ ಮಾಡುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ, ಕೆಲಸದ ಹೆಸರು ಪ್ರತಿಲೇಖನ.

ಗಿಡದಲ್ಲೂ ನಮ್ಮಲ್ಲೂ ಈ ನಕಲನ್ನು ಕೋಶಕೇಂದ್ರದೊಳಗೇ ತಿದ್ದಲಾಗುತ್ತದೆ. ಇಂಟ್ರಾನ್ ಎಂಬ ನಡುವಿನ ತುಂಡುಗಳನ್ನು ಕತ್ತರಿಸಿ, ಉಳಿದದ್ದನ್ನು ಬೆಸೆದು ಹೊರಗೆ ಕಳಿಸಲಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಕೋಶಕೇಂದ್ರವೇ ಇಲ್ಲ, ಅಲ್ಲಿ ನಕಲು ಮುಗಿಯುವ ಮೊದಲೇ ಓದು ಶುರು.

ಓದುವುದು ರೈಬೋಸೋಮ್, ಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರ. ಮೂರು ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ, ಅವು ಸಾಲಾಗಿ ಸೇರಿದ ಸರಪಳಿಯೇ ಪ್ರೋಟೀನ್. ನಿಮ್ಮ ಹಾಳೆಯಲ್ಲಿರುವುದು ಮೆಥಿಯೋನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್. ನಾಲ್ಕು ಅಕ್ಷರಗಳಿಂದ 64 ತ್ರಿವಳಿಗಳಾಗುತ್ತವೆ. ಅದರಲ್ಲಿ 61 ಸೇರಿ 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ ಮೂರು 'ನಿಲ್ಲಿಸು' ಎನ್ನುತ್ತವೆ. 1961ರಲ್ಲಿ ವಿಜ್ಞಾನಿಗಳಾದ ನೈರೆನ್‌ಬರ್ಗ್ ಮತ್ತು ಮಥಾಯ್ ಬರೀ ಯು ಇರುವ ಆರ್‌ಎನ್‌ಎ ಹಾಕಿ ನೋಡಿದಾಗ ಬರೀ ಫಿನೈಲ್ಅಲನಿನ್ ಸರಪಳಿ ಬಂತು, ಯಾವ ತ್ರಿವಳಿಗೆ ಯಾವ ಅಮೈನೋ ಆಮ್ಲ ಎಂಬ ಪಟ್ಟಿ ತುಂಬಲು ಶುರುವಾದದ್ದು ಹಾಗೆ. ಆ ಪಟ್ಟಿಯಲ್ಲಿರುವುದು ಎಂಆರ್‌ಎನ್‌ಎಯ ಅಕ್ಷರಗಳು. ಈಗ ಹೇಳಲಿರುವ ಟಿಆರ್‌ಎನ್‌ಎಯ ಅಕ್ಷರ ಹಿಡಿದು ಹುಡುಕಿದರೆ ಉತ್ತರ ತಪ್ಪುತ್ತದೆ, ಬಹಳ ಜನ ಎಡವುವುದು ಇಲ್ಲೇ.

ಟಿಆರ್‌ಎನ್‌ಎ ಅಂದರೆ ಒಂದು ತುದಿಯಲ್ಲಿ ಅಮೈನೋ ಆಮ್ಲ ಹೊತ್ತು, ಇನ್ನೊಂದು ಕಡೆಯ ಮೂರು ಅಕ್ಷರಗಳಿಂದ ಎಂಆರ್‌ಎನ್‌ಎಗೆ ಜೋಡಿಯಾಗುವ ಸಣ್ಣ ಅಣು. ಅದಕ್ಕೆ ಸರಿಯಾದ ಹೊರೆಯನ್ನೇ ಹೊರಿಸುವ ಬೇರೆ ಕಿಣ್ವಗಳಿವೆ. ನನ್ನ ಪ್ರಕಾರ ನಿಜವಾದ ಅನುವಾದಕರು ಅವೇ. ಯಾಕೆಂದರೆ ರೈಬೋಸೋಮ್ ನೋಡುವುದು ಅಕ್ಷರಗಳು ಹೊಂದಿದವೇ ಎಂದು ಮಾತ್ರ. ಹೊರೆ ತಪ್ಪಾಗಿದ್ದರೂ ಅದನ್ನೇ ಸರಪಳಿಗೆ ಸೇರಿಸಿಬಿಡುತ್ತದೆ.

ಮೂರರ ಲೆಕ್ಕ ಎಷ್ಟು ಮುಖ್ಯ ಅಂತ ಕನ್ನಡದಲ್ಲೇ ನೋಡಿ. 'ಕಮಲ ಕೆರೆಯ ನಡುವೆ ಅರಳಿ ನಗಲಿ'. ಎಲ್ಲವೂ ಮೂರಕ್ಷರದ ಪದ. ಮೊದಲ ಪದದ 'ಮ' ತೆಗೆದು ಮತ್ತೆ ಮೂರು ಮೂರಾಗಿ ಓದಿ: 'ಕಲಕೆ ರೆಯನ ಡುವೆಅ ರಳಿನ ಗಲಿ'. ಹೋದದ್ದು ಒಂದೇ ಅಕ್ಷರ, ಅಲ್ಲಿಂದ ಮುಂದೆ ಎಲ್ಲಾ ಪದಗಳೂ ಕೆಟ್ಟವು. ಅಕ್ಷರ ಹೋಗದೆ ಬರೀ ಬದಲಾದರೆ ಕೆಡುವುದು ಒಂದೇ ಪದ. ಆದರೆ ಆ ಒಂದೂ ಸಾಕಾಗಬಹುದು. ಅದೇ ಬೀಟಾ ಸರಪಳಿಯ ಎಂಆರ್‌ಎನ್‌ಎಯಲ್ಲಿ ಸ್ವಲ್ಪ ಮುಂದೆ ಒಂದು ಜಿಎಜಿ ಇದೆ, ಅದು ಜಿಯುಜಿ ಆದರೆ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬರುತ್ತದೆ. ಕುಡುಗೋಲು ಕಣ ರಕ್ತಹೀನತೆಯ ಮೂಲ ಇಷ್ಟೇ.

ಈಗ ಬೇರಿನ ವಿಷಯ. ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಪ್ರೋಟೀನ್ ಅಲ್ಲ, ಆದರೆ ಅದನ್ನು ತಯಾರಿಸಲು ಮತ್ತು ಹಿಡಿದಿಡಲು ಪ್ರೋಟೀನ್‌ಗಳು ಬೇಕು. ಅವುಗಳ ಜೀನ್‌ಗಳು, ಅಂದರೆ ಅವುಗಳ ಸಂಕೇತವಿರುವ ಡಿಎನ್‌ಎ ಭಾಗಗಳು, ಬೇರಿನಲ್ಲೂ ಇವೆ, ಅಲ್ಲಿ ನಕಲು ತೆಗೆಯುವುದು ಮಾತ್ರ ಬಹಳ ಕಡಿಮೆ. ಯಾವ ಜೀನ್‌ನ ನಕಲು ಎಷ್ಟು ಬೇಕು ಅಂತ ನಿಯಂತ್ರಿಸುವ ಪ್ರೋಟೀನ್‌ಗಳು ಡಿಎನ್‌ಎಗೇ ಅಂಟಿ ಕೂತಿರುತ್ತವೆ, ಅವುಗಳಿಗೆ ಬೆಳಕೂ ಒಂದು ಸೂಚನೆ. ಒಂದಿಷ್ಟು ಬೀಜವನ್ನು ಪೂರ್ತಿ ಕತ್ತಲಲ್ಲಿ ಮೊಳೆಯಿಸಿ. ಸಸಿ ಉದ್ದಕ್ಕೆ, ಹಳದಿಯಾಗಿ ಬರುತ್ತದೆ. ಬೆಳಕಿಗೆ ತಂದಿಟ್ಟು ಆಗಾಗ ನೋಡುತ್ತಿರಿ. ಎಲೆ ಹಸಿರಿಗೆ ತಿರುಗುವ ಆ ಹೊತ್ತಿನಲ್ಲಿ ಅದರ ಕೋಶಗಳಲ್ಲಿ ಅಷ್ಟು ದಿನ ಹೆಚ್ಚುಕಡಿಮೆ ಸುಮ್ಮನಿದ್ದ ಜೀನ್‌ಗಳ ನಕಲು ಜೋರಾಗಿ ನಡೆಯುತ್ತಿರುತ್ತದೆ.