ಮಿಲ್ಟನ್ ಕೀನ್ಸ್‌ನಲ್ಲಿ ಓಟಕ್ಕೆ ಜೊತೆ ಬೇಕೆಂದವರಿಗೆ

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿದ್ದವರು ನೀವು. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಬಂದು ಆರು ವಾರವಾಯಿತು, ಒಬ್ಬಳೇ ಓಡಲು ಅಳುಕು, ಮನೆ ಹತ್ತಿರ ಜೊತೆಗೆ ಯಾರಾದರೂ ಸಿಗುತ್ತಾರಾ, ಶೂ ಯಾವುದು ತಗೊಳ್ಳಲಿ, ಜಿಮ್ ಸೇರಲಾ ಎಂದು ಕೇಳಿದ್ದೀರಿ. ಊರಿಂದ ತಂದ ಶೂ ತಳ ಸವೆದಿಲ್ಲದಿದ್ದರೆ ಸದ್ಯಕ್ಕೆ ಸಾಕು. ಜಿಮ್‌ಗೆ ವರ್ಷದ ಒಪ್ಪಂದಕ್ಕೆ ಈಗಲೇ ಸಹಿ ಹಾಕಬೇಡಿ. ಜೊತೆಯ ವಿಷಯ ಮಾತ್ರ ನಾನು ಬಂದ ಹೊಸದರಲ್ಲಿ ಬಿಡಿಸಿ ಹೇಳುವವರಿರಲಿಲ್ಲ, ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ.

ಕೆರೆ ಏರಿಯ ಮೇಲೆ ನಾಲ್ಕು ದಿನ ಎದುರಾದವರು ಐದನೇ ದಿನ "ಯಾವ ಏರಿಯಾ ನಿಮ್ಮದು?" ಎಂದು ಕೇಳೇ ಕೇಳುತ್ತಾರೆ. ಇಲ್ಲಿ ಎದುರಿಗೆ ಓಡಿ ಬರುವವರು "ಮಾರ್ನಿಂಗ್" ಅಂದು ಮುಂದೆ ಹೋಗುತ್ತಾರೆ, ವರ್ಷವಾದರೂ ಅಷ್ಟೇ. ಅದು ಬಿಗುಮಾನವಲ್ಲ, ದಾರಿಯಲ್ಲಿ ಹೋಗುವವರನ್ನು ತಡೆದು ಮಾತಾಡಿಸುವುದು ಇವರಿಗೆ ರೂಢಿಯಿಲ್ಲ. ಮಾತಿಗೆ ನಿಲ್ಲುವ ಜಾಗಕ್ಕೆ ನಾವೇ ಹೋಗಬೇಕು.

ಅಂಥ ಜಾಗ ಪಾರ್ಕ್‌ರನ್. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 13 ಜನರ ಓಟವಾಗಿ ಶುರುವಾದದ್ದು, ಈಗ ದೇಶದ ತುಂಬ ಇದೆ. ಇಂಗ್ಲೆಂಡಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ 9ಕ್ಕೆ, 5 ಕಿ.ಮೀ., ದುಡ್ಡಿಲ್ಲ. ಮಿಲ್ಟನ್ ಕೀನ್ಸ್‌ನದು ವಿಲೆನ್ ಕೆರೆ ಕಡೆ. ವೆಬ್‌ಸೈಟಿನಲ್ಲಿ ಒಂದು ಸಲ ಹೆಸರು ನೋಂದಾಯಿಸಿದರೆ ಒಂದು ಬಾರ್‌ಕೋಡ್ ಕೊಡುತ್ತಾರೆ, ಯಾವ ಊರಿನ ಪಾರ್ಕ್‌ರನ್‌ಗೂ ಅದೇ ನಡೆಯುತ್ತದೆ. ಅದು ಫೋನಿನಲ್ಲಿದ್ದರೂ ಸರಿ, ಆದರೆ ಮಳೆಯಲ್ಲಿ ನೆನೆದ ಫೋನು ಕೈಕೊಡುತ್ತದೆ. ಮುದ್ರಿಸಿ ಪ್ಲಾಸ್ಟಿಕ್ ಹೊದಿಸಿದ ಚೀಟಿಯೊಂದು ಜೇಬಿನಲ್ಲಿರಲಿ. 8:40ಕ್ಕೆ ಅಲ್ಲಿರಿ, ಹೊಸಬರನ್ನು ಪಕ್ಕಕ್ಕೆ ಕರೆದು ದಾರಿ ವಿವರಿಸುತ್ತಾರೆ. ನಿಂತುಬಿಡುತ್ತೇನೇನೋ ಎಂಬ ಭಯ ಬೇಡ. ಎಲ್ಲರಿಗಿಂತ ಹಿಂದೆ ನಡೆದು ಬರಲೆಂದೇ ಒಬ್ಬ ಸ್ವಯಂಸೇವಕರಿರುತ್ತಾರೆ, ಹಾಗಾಗಿ ಕೊನೆಯವರು ನೀವಾಗುವುದಿಲ್ಲ.

ಮುಗಿಸಿದ ಮೇಲೆ ಕೈಗೊಂದು ಟೋಕನ್ ಕೊಡುತ್ತಾರೆ. ಅದನ್ನೂ ಬಾರ್‌ಕೋಡನ್ನೂ ಸ್ಕ್ಯಾನ್ ಮಾಡಿಸಿ ಟೋಕನ್ ವಾಪಸ್ ಕೊಡಬೇಕು, ಮನೆಗೆ ತರಬಾರದು. ಅವತ್ತೇ ಎಲ್ಲರ ಹೆಸರು, ಸಮಯ ಪಟ್ಟಿಯಾಗಿ ಬರುತ್ತದೆ. ನಿಮ್ಮ ಹೆಸರಿನ ಮೇಲೆ ಕೆಳಗೆ ಒಂದೆರಡು ನಿಮಿಷದ ಅಂತರದಲ್ಲಿರುವವರನ್ನು ಗುರುತಿಟ್ಟುಕೊಳ್ಳಿ. ನಿಮ್ಮ ವೇಗದವರು ಅವರೇ. ಮುಂದಿನ ಶನಿವಾರ ಅವರ ಹತ್ತಿರವೇ ನಿಂತು ಓಡಿ, ಮುಗಿದ ಮೇಲೆ ಕಾಫಿಗೆ ಹೋಗುವ ಗುಂಪಿನೊಂದಿಗೆ ಹೋಗಿ. ಒಂದು ಶನಿವಾರ ಓಡದೆ ಬಾರ್‌ಕೋಡ್ ಸ್ಕ್ಯಾನ್ ಮಾಡುವ ಕೆಲಸಕ್ಕೆ ಹೆಸರು ಕೊಡಿ. ಓಡಿ ಬಂದವರೆಲ್ಲ ನಿಮ್ಮ ಮುಂದೆಯೇ ಬಂದು ನಿಲ್ಲುತ್ತಾರೆ, ಮಾತಿಗೆ ಇದಕ್ಕಿಂತ ಸಲೀಸಾದ ದಾರಿಯಿಲ್ಲ.

ಜೊತೆ ಮುರಿಯುವುದು ಬಹುತೇಕ ವೇಗದ ದೆಸೆಯಿಂದ. ಬ್ರಿಟನ್ನಿನ ಓಟಗಾರರು ಮೈಲಿ ಲೆಕ್ಕದಲ್ಲಿ ಮಾತಾಡುತ್ತಾರೆ. "ಟೆನ್ ಮಿನಿಟ್ಸ್" ಅಂದರೆ ಮೈಲಿಗೆ 10 ನಿಮಿಷ, ಅಂದರೆ ಕಿಲೋಮೀಟರಿಗೆ 6 ನಿಮಿಷ 13 ಸೆಕೆಂಡು. ನೀವು ಕಿಲೋಮೀಟರಿಗೆ 7:30ರಲ್ಲಿ ಓಡುವವರಾದರೆ ಅದು ಮೈಲಿಗೆ ಸುಮಾರು 12 ನಿಮಿಷ. ಇದು ಗೊತ್ತಿಲ್ಲದೆ ಹೂಂ ಅಂದರೆ ಎರಡನೇ ಕಿಲೋಮೀಟರಿಗೇ ಏದುಸಿರು. ನಮ್ಮವರು ಸಂಕೋಚಕ್ಕೆ ಬಾಯಿಬಿಡುವುದಿಲ್ಲ, ಹಲ್ಲುಕಚ್ಚಿ ಓಡುತ್ತಾರೆ, ಮೂರನೇ ವಾರ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂರುತ್ತಾರೆ. ಪೂರ್ತಿ ವಾಕ್ಯ ಆಡುತ್ತಾ ಓಡಲು ಆಗಬೇಕು, ಅದೇ ನಿಮ್ಮ ವೇಗ. "ನನಗೆ ಇಷ್ಟೇ ಆಗೋದು" ಎಂದು ಮೊದಲ ದಿನವೇ ಹೇಳಿಬಿಡಿ. ಇಲ್ಲಿ ಅದನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಓಟ ತುಂಬ ದಿನ ಬಿಟ್ಟುಹೋಗಿದ್ದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಕೌಚ್ ಟು 5ಕೆ ಹಿಡಿಯಿರಿ, ಸೊನ್ನೆಯಿಂದ 5 ಕಿ.ಮೀ. ಓಟಕ್ಕೆ ಏರಿಸುವ ಅಭ್ಯಾಸಕ್ರಮ ಅದು. 9 ವಾರ, ವಾರಕ್ಕೆ 3 ದಿನ. ಮೊದಲ ವಾರ 5 ನಿಮಿಷ ಬಿರುಸಾಗಿ ನಡೆದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಅದೇ ಹಂತದಲ್ಲಿರುವ ಜೊತೆ ಸಿಕ್ಕರೆ ಇಬ್ಬರಿಗೂ ಹಿತ.

ಬಡಾವಣೆಯ ಗುಂಪಿನಲ್ಲೋ ಆಫೀಸಿನಲ್ಲೋ ಸಂದೇಶ ಹಾಕುವಾಗ "ಯಾರಾದರೂ ಓಡ್ತೀರಾ?" ಎಂದು ಹಾಕಬೇಡಿ. ಹತ್ತು ಜನ ಹೆಬ್ಬೆರಳು ಎತ್ತುತ್ತಾರೆ, ಒಬ್ಬರೂ ಬರುವುದಿಲ್ಲ. ಹೀಗೆ ಹಾಕಿ: ಮಂಗಳವಾರ ಮತ್ತು ಗುರುವಾರ ಸಂಜೆ 6:15, ಇಂಥ ಕಾರ್ ಪಾರ್ಕ್, 4 ಕಿ.ಮೀ., ಕಿಲೋಮೀಟರಿಗೆ ಏಳೂವರೆ ನಿಮಿಷ, ನಡುವೆ ನಡೆಯುತ್ತೇವೆ, 6:20ಕ್ಕೆ ಹೊರಡುತ್ತೇವೆ. ಒಬ್ಬರೇ ಸಿಕ್ಕರೆ ಇನ್ನೊಬ್ಬರನ್ನು ಹುಡುಕಿ. ಇಬ್ಬರಲ್ಲಿ ಒಬ್ಬರು ತಪ್ಪಿಸಿದರೆ ಓಟವೇ ನಿಲ್ಲುತ್ತದೆ, ಮೂವರಿದ್ದರೆ ನಿಲ್ಲುವುದಿಲ್ಲ. ಬರಲಾಗದಿದ್ದರೆ ಹಿಂದಿನ ರಾತ್ರಿಯೇ ತಿಳಿಸಬೇಕು. ಚಳಿಯಲ್ಲಿ ಕಾಯಿಸಿ ಬಾರದಿರುವುದನ್ನು ಇವರು ಮರೆಯುವುದಿಲ್ಲ. ಮೊದಮೊದಲು ಯಾರನ್ನೂ ಮನೆ ಬಾಗಿಲಿಗೆ ಕರೆಯಬೇಡಿ. ಓಟ ದಾಖಲಿಸುವ ಸ್ಟ್ರಾವಾ ಆ್ಯಪ್ ಬಳಸಿದರೆ ಮನೆಯ ಸುತ್ತಿನ ನಕ್ಷೆ ಮರೆಮಾಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಮನೆಯವರಿಗೆ ಒಂದು ಗಂಟೆಯ ಲೈವ್ ಲೊಕೇಶನ್ ಕಳಿಸಿ ಹೊರಡಿ.

ಒಂದು ಮಾತು ಹೇಳಲು ನನಗೆ ಬೇಸರವೇ. ಇಲ್ಲಿ ಕನ್ನಡದವರು ಬೇಕಾದಷ್ಟಿದ್ದಾರೆ, ರಾಜ್ಯೋತ್ಸವಕ್ಕೆ ಹಾಲ್ ತುಂಬುತ್ತದೆ. ಕನ್ನಡದಲ್ಲಿ ಹರಟುತ್ತಾ ಕೆರೆ ಸುತ್ತುವ ಆಸೆ ನನಗೂ ಇದೆ, ಅದು ಹೋಗುವುದೂ ಇಲ್ಲ. ಆದರೆ ನಮ್ಮವರ ಬೆಳಗು ಮಕ್ಕಳ ಸ್ಕೂಲು, ಸಂಜೆ ಟ್ಯೂಷನ್ನು, ವಾರಾಂತ್ಯ ಊಟದ ಮನೆಗಳಲ್ಲಿ ಮುಗಿದುಹೋಗುತ್ತದೆ. ನಮ್ಮವರೇ ಸಿಗಲಿ ಎಂದು ಕಾದು ಓಟವನ್ನೇ ಬಿಟ್ಟ ಎಷ್ಟೋ ಜನ ಈ ಊರಲ್ಲಿದ್ದಾರೆ, ಒಳ್ಳೆಯ ಓಟಗಾರರು. ಸಿಕ್ಕವರ ಜೊತೆ ಈಗಲೇ ಶುರುಮಾಡಿ, ಕನ್ನಡದವರು ಆಮೇಲೆ ಸೇರಲಿ.

ಇನ್ನು ಕತ್ತಲು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ 4ಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಹುಟ್ಟುವುದು 8ರ ಸುಮಾರಿಗೆ. ಕೆರೆ ಸುತ್ತಿನ ಹಾದಿಗೆ ಬಹುಪಾಲು ದೀಪವಿಲ್ಲ, ಸಂಜೆಯ ಓಟ ರೆಡ್‌ವೇಗೆ, ಅಂದರೆ ಊರಿನೊಳಗೆ ನಡೆಯುವವರಿಗೂ ಸೈಕಲ್ಲಿಗೂ ಇರುವ ಹಾದಿಗೆ, ಬದಲಾಗಬೇಕು. ಎಚ್ ಅಥವಾ ವಿ ಅಕ್ಷರದ ಜೊತೆ ಅಂಕಿಯಿರುವ ಊರಿನ ದೊಡ್ಡ ರಸ್ತೆಗಳಲ್ಲಿ ಕಾರುಗಳ ವೇಗ ವಿಪರೀತ, ಅವುಗಳ ಅಂಚಿಗೆ ಹೋಗಲೇಬೇಡಿ. ರೆಡ್‌ವೇ ಸೈಕಲ್ಲಿನವರದ್ದೂ ಹೌದು, ಅಕ್ಕಪಕ್ಕ ಇಬ್ಬರಿಗಿಂತ ಹೆಚ್ಚು ಓಡಬೇಡಿ, ಇಯರ್‌ಫೋನ್ ತೆಗೆದಿಡಿ. ಅಂಡರ್‌ಪಾಸ್ ಬಾಯಲ್ಲಿ ಕೊಳೆತ ಎಲೆ, ಜನವರಿಯಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದೆ, ಅಲ್ಲಿ ನಡೆಯಿರಿ. ಹೊಳೆಯುವ ಜಾಕೆಟ್ಟು, ತಲೆಗೆ ಕಟ್ಟುವ ಟಾರ್ಚು, ತೆಳು ಕೈಗವಸು ಬೇಕು. ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕಿ. ಕತ್ತಲಾದ ಮೇಲೆ ಹೊಸ ಜೊತೆ ಹುಡುಕುವುದು ಕಷ್ಟ, ಜನ ಆಗಲೇ ಗುಂಪು ಕಟ್ಟಿಕೊಂಡಿರುತ್ತಾರೆ. ಗಡಿಯಾರ ತಿರುಗುವುದರೊಳಗೆ ನಾಲ್ಕು ಶನಿವಾರವಾದರೂ ವಿಲೆನ್‌ಗೆ ಹೋಗಿಬನ್ನಿ.