ಫೋನ್ ಮಾಡಿ ಕೊಡುವ ಉದ್ಯಮ ಪ್ರಶಸ್ತಿಗೆ 29,500 ರೂಪಾಯಿ ಕಟ್ಟಬೇಕೆ?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆಯಲ್ಲಿ ಮಂಡಕ್ಕಿ, ಖಾರ ಪ್ಯಾಕ್ ಮಾಡಿ ಮಾರುವ ಸಣ್ಣ ಘಟಕ ಇದೆ. ಬೆಂಗಳೂರಿನಿಂದ ಫೋನ್ ಬಂದಿದೆ. ‘ಮಧ್ಯ ಕರ್ನಾಟಕದ ಅತ್ಯುತ್ತಮ ಉದಯೋನ್ಮುಖ ಆಹಾರೋದ್ಯಮಿ’ಯಾಗಿ ಆಯ್ಕೆಯಾಗಿದ್ದೀರಂತೆ, 25,000 ರೂಪಾಯಿ ಮತ್ತು ಜಿಎಸ್‌ಟಿ ಕಟ್ಟಬೇಕಂತೆ. ಆಯ್ಕೆ ನ್ಯಾಯವಾಗಿ ನಡೆದಿದೆಯೇ, ತಗೊಂಡರೆ ಏನಾದರೂ ಉಪಯೋಗ ಇದೆಯೇ?

ಕಟ್ಟಬೇಡಿ. ದುಡ್ಡು ಕೇಳಿದರು ಅನ್ನೋದಕ್ಕಿಂತ ದೊಡ್ಡ ಕಾರಣ ಇದೆ: ನಿಮ್ಮ ಘಟಕಕ್ಕೆ ಬಂದು ನೋಡಿದವರು, ನಿಮ್ಮ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡವರು ಒಬ್ಬರೂ ಇಲ್ಲ. ಗೂಗಲ್ ಮ್ಯಾಪಿನಲ್ಲೋ ವ್ಯಾಪಾರಿಗಳ ಡೈರೆಕ್ಟರಿಯಲ್ಲೋ ನಿಮ್ಮ ನಂಬರ್ ಸಿಕ್ಕಿದೆ, ಅಷ್ಟೇ.

ಶುಲ್ಕ ಇದ್ದ ಮಾತ್ರಕ್ಕೆ ಪ್ರಶಸ್ತಿ ಕೆಟ್ಟದ್ದು ಅಂತಲ್ಲ. ಅಮೆರಿಕದ ಬಾಲ್ಡ್ರಿಜ್ ಗುಣಮಟ್ಟ ಪ್ರಶಸ್ತಿ 1987ರಲ್ಲಿ ಕಾನೂನಿನ ಮೂಲಕ ಬಂದದ್ದು, ಅದಕ್ಕೂ ಅರ್ಜಿ ಶುಲ್ಕ ಇತ್ತು. ಆದರೆ ಆ ದುಡ್ಡು ಪರೀಕ್ಷಕರ ಕೆಲಸಕ್ಕೆ ಹೋಗುತ್ತಿತ್ತು. ಅವರು ಅರ್ಜಿ ಓದಿ 1,000 ಅಂಕಗಳಿಗೆ ತೂಗುತ್ತಿದ್ದರು, ಮುಂದಿನ ಸುತ್ತಿಗೆ ಹೋದವರ ಕಾರ್ಖಾನೆಗೇ ಬಂದು ದಿನಗಟ್ಟಲೆ ನೋಡುತ್ತಿದ್ದರು. ಸೋತವರಿಗೂ ಎಲ್ಲಿ ಕುಂದಿದೆ ಅಂತ ವರದಿ ಸಿಗುತ್ತಿತ್ತು. ಜಪಾನಿನ ಡೆಮಿಂಗ್ ಗುಣಮಟ್ಟ ಪ್ರಶಸ್ತಿ 1951ರದ್ದು. ನಮ್ಮ ದೇಶಕ್ಕೆ ಅದನ್ನು ಮೊದಲು ತಂದದ್ದು 1998ರಲ್ಲಿ ವಾಹನದ ಬಿಡಿಭಾಗ ಮಾಡುವ ಸುಂದರಂ ಕ್ಲೇಟನ್ ಕಂಪನಿಯ ಬ್ರೇಕ್ ವಿಭಾಗ, ಅದೂ ವರ್ಷಗಟ್ಟಲೆ ತಯಾರಿ ಮಾಡಿಕೊಂಡು. ದುಡ್ಡು ಕಟ್ಟಿಯೂ ಸೋಲುವ ಸಾಧ್ಯತೆ ಇದ್ದರೆ ಅದು ಸ್ಪರ್ಧೆ. ಮೊದಲು ಗೆಲ್ಲಿಸಿ ಆಮೇಲೆ ಬಿಲ್ ಕಳಿಸಿದರೆ ಅದು ಮಾರಾಟ.

ಮಾರಾಟದ ಲೆಕ್ಕ ನೀವೇ ಹಾಕಿ ನೋಡಿ. ಕಾರ್ಯಕ್ರಮ 3 ಗಂಟೆ, ಅಂದರೆ 180 ನಿಮಿಷ. ಹೆಸರು ಕೂಗಿ, ಶಾಲು ಹೊದಿಸಿ, ಫಲಕ ಕೊಟ್ಟು, ಫೋಟೊ ತೆಗೆದು ಕೆಳಗಿಳಿಸಲು ಒಬ್ಬರಿಗೆ 2 ನಿಮಿಷ ಸಾಕು. ಭಾಷಣಕ್ಕೆ ಒಂದು ಗಂಟೆ ಬಿಟ್ಟರೂ 60 ಜನಕ್ಕೆ ಪ್ರಶಸ್ತಿ ಕೊಡಬಹುದು. 60 ಜನ ತಲಾ 25,000 ಕೊಟ್ಟರೆ 15 ಲಕ್ಷ. ಹೋಟೆಲಿನ ಸಭಾಂಗಣ, ಊಟ, ಅತಿಥಿಯಾಗಿ ಬರುವ ನಟನಟಿಯರ ಸಂಭಾವನೆ, ಆಕ್ರಿಲಿಕ್ ಫಲಕ ಎಲ್ಲಾ ಇದರಲ್ಲೇ. 60 ಜನ ಬೇಕಾದರೆ 60 ವಿಭಾಗಗಳೂ ಬೇಕು. ‘ಮಧ್ಯ ಕರ್ನಾಟಕ’, ‘ಉದಯೋನ್ಮುಖ’, ‘ಆಹಾರ’ ಅಂತ ವಿಶೇಷಣ ಪೋಣಿಸಿ ವಿಭಾಗ ಮಾಡುವುದು ಅದಕ್ಕೇ; ಅದರಲ್ಲಿ ನೀವೊಬ್ಬರೇ ಸ್ಪರ್ಧಿ. ನಿಮ್ಮ ವಿಭಾಗದಲ್ಲಿ ಎರಡನೇ ಸ್ಥಾನ ಯಾರದ್ದು ಅಂತ ಕೇಳಿ. ಉತ್ತರ ಬರುವುದಿಲ್ಲ.

ಹೆಸರಾಂತ ತೀರ್ಪುಗಾರರು ಇದ್ದರೂ ಕಾಗದ ಮಾತ್ರ ನೋಡಿದರೆ ಏನಾಗುತ್ತದೆ ಅನ್ನೋದಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್ ಸಾಕ್ಷಿ. 2008ರಲ್ಲಿ ಅದಕ್ಕೆ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕವೇ ಸುಳ್ಳು ಅಂತ ಬರೆದುಕೊಟ್ಟರು, ಪ್ರಶಸ್ತಿ ವಾಪಸಾಯಿತು. ಕೊಟ್ಟವರ ಮುಂದೆ ಇದ್ದದ್ದು ಕಂಪನಿಯೇ ಕೊಟ್ಟ ಅಂಕಿಅಂಶ.

ಹಾಗಾದರೆ ಮಂಡಕ್ಕಿ ಘಟಕವನ್ನು ನಿಜವಾಗಿ ಅಳೆಯುವವರು ಏನು ನೋಡಬೇಕು? ಮಂಡಕ್ಕಿ ಅರಳುವುದು ಕಾದ ಮರಳಿನಲ್ಲಿ, ಹಾಗಾಗಿ ಮೊದಲು ಜರಡಿ. ಒಂದು ಕಿಲೋ ಮಾದರಿಯನ್ನು ಬಿಳಿ ಬಟ್ಟೆಯ ಮೇಲೆ ಜಾಲಿಸಿ ಎಷ್ಟು ಮರಳು ಉದುರುತ್ತದೆ ಅಂತ ನೋಡಬೇಕು. ಪ್ಯಾಕೆಟ್‌ನ ಸೀಲ್ ಹಿಂಡಿದರೆ ಗಾಳಿ ಹೋಗುತ್ತದೆಯೇ? ಹೋದರೆ ಮಳೆಗಾಲದಲ್ಲಿ ಮಂಡಕ್ಕಿ ಮೆತ್ತಗಾಗಿ ಅಂಗಡಿಯಿಂದ ವಾಪಸ್ ಬರುತ್ತದೆ. ಖಾರಕ್ಕೆ ಬಳಸಿದ ಎಣ್ಣೆ ಎಷ್ಟು ಸಲ ಕಾದಿದೆ? ಲೇಬಲ್‌ನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ನಿವ್ವಳ ತೂಕ, ಬ್ಯಾಚ್, ತಯಾರಾದ ದಿನ ಇವೆಯೇ? ಹತ್ತು ಪ್ಯಾಕೆಟ್ ಎತ್ತಿ ತೂಗಿದರೆ ಬರೆದಷ್ಟು ತೂಕ ಇದೆಯೇ? ಇದಕ್ಕೆ ಅರ್ಧ ದಿನ ಬೇಕು. ಅರ್ಧ ದಿನ ಕೊಡದವರು ‘ಅತ್ಯುತ್ತಮ’ ಅನ್ನುವ ಮಾತು ಆಡಬಾರದು. ಹೀಗೆ ನೋಡದೆ ಪ್ರಶಸ್ತಿ ಮಾರುವುದರಿಂದ ನಿಜವಾಗಿ ಚೆನ್ನಾಗಿ ಮಾಡುವವರಿಗೇ ಅನ್ಯಾಯವಾಗುವುದು. ನಿಮ್ಮ ದಾವಣಗೆರೆಯ ಆಜಾದ್ ನಗರದ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ನಿಂತು ಹದ ತಪ್ಪದೆ ಹುರಿಯುವವರ ಹೆಸರು ಯಾವ ವೇದಿಕೆಯಲ್ಲೂ ಬರುವುದಿಲ್ಲ.

ಉಪಯೋಗದ ಮಾತಿಗೆ ಬಂದರೆ: ಬ್ಯಾಂಕಿನವರು ಸಾಲಕ್ಕೆ ನೋಡುವುದು ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ರಿಟರ್ನ್, ಸಿಬಿಲ್ ಅಂಕ, ಖಾತೆಯ ವಹಿವಾಟು. ಫಲಕಕ್ಕೆ ಅಲ್ಲಿ ಅಂಕ ಇಲ್ಲ. ಹರಿಹರ, ರಾಣೆಬೆನ್ನೂರಿನ ಅಂಗಡಿಯವರು ಕೇಳುವುದು ಮಾರ್ಜಿನ್ ಎಷ್ಟು, ಉಳಿದ ಮಾಲು ವಾಪಸ್ ತಗೋತೀರಾ ಅಂತ. 25,000ಕ್ಕೆ 18% ಸೇರಿದರೆ 29,500. ನೀವು ಸಣ್ಣ ವ್ಯಾಪಾರಿಗಳಿಗಿರುವ ಜಿಎಸ್‌ಟಿ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಆ 4,500 ರೂಪಾಯಿಯನ್ನು ನಿಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಇನ್‌ಪುಟ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ಅದೇ ದುಡ್ಡಿನಲ್ಲಿ ಒಳ್ಳೆಯ ಸೀಲಿಂಗ್ ಯಂತ್ರ ತಗೊಂಡು, ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಮಾದರಿ ಪರೀಕ್ಷೆ ಮಾಡಿಸಿ. ಆ ವರದಿಯನ್ನು ದೊಡ್ಡ ಖರೀದಿದಾರರು ಓದುತ್ತಾರೆ.

ಆದರೂ ಮನಸ್ಸು ಒಪ್ಪದಿದ್ದರೆ ಅವರಿಗೆ ಇಮೇಲ್ ಮಾಡಿ, ಫೋನಿನಲ್ಲಿ ಮಾತು ಬೇಡ. ನಾಲ್ಕೇ ಪ್ರಶ್ನೆ: ನನ್ನ ವಿಭಾಗಕ್ಕೆ ಎಷ್ಟು ಅರ್ಜಿ ಬಂದವು, ತೀರ್ಪುಗಾರರು ಯಾರು, ಯಾವ ಮಾನದಂಡಕ್ಕೆ ಎಷ್ಟು ಅಂಕ, ಹಣ ಕಟ್ಟದಿದ್ದರೂ ಪ್ರಶಸ್ತಿ ಕೊಡುತ್ತೀರಾ? ಕೊನೆಯದೇ ಮುಖ್ಯ. ಜೊತೆಗೆ ಅವರ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ. ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು. ಕಾನೂನುಬದ್ಧ ಹೆಸರು, ನೋಂದಣಿ ದಿನಾಂಕ ಕಾಣುತ್ತದೆ. ‘ಅಂತಾರಾಷ್ಟ್ರೀಯ ಮಂಡಳಿ’ ಅಂತ ಹೇಳಿಕೊಂಡದ್ದು ಕೆಲವೇ ತಿಂಗಳ ಹಿಂದೆ ನೋಂದಣಿಯಾದ ಇವೆಂಟ್ ಸಂಸ್ಥೆಯಾದರೆ ಅಲ್ಲಿಗೇ ನಿಲ್ಲಿಸಿ.

ಇದೇ ಬಗೆಯ ಫೋನುಗಳಲ್ಲಿ ಗೌರವ ಡಾಕ್ಟರೇಟಿನ ಆಸೆಯನ್ನೂ ತೋರಿಸುತ್ತಾರೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆ 1956ರ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ಕಾನೂನಿನಡಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ದುಡ್ಡು ಕೊಟ್ಟು ತಂದ ‘ಡಾ.’ ಅನ್ನು ಬೋರ್ಡಿನ ಮೇಲೆ ಬರೆಸಬೇಡಿ.

ಈಗಾಗಲೇ ಮುಂಗಡ ಕಟ್ಟಿದ್ದರೆ ಬೇಡ ಅಂತ ಲಿಖಿತವಾಗಿ ತಿಳಿಸಿ, ಹಣ ವಾಪಸ್ ಕೇಳಿ, ರಸೀದಿ ಇಟ್ಟುಕೊಳ್ಳಿ. ಹಣ ಹಾಕಿಸಿಕೊಂಡು ಫೋನೇ ಎತ್ತದಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪ್ರಶಸ್ತಿ ತಗೊಂಡೇ ಆಗಿದ್ದರೆ ಪ್ಯಾಕೆಟ್ ಮೇಲೆ ‘ನಂ. 1’ ಅಂತ ಅಚ್ಚು ಹಾಕಿಸಬೇಡಿ: ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆ 2019ರಡಿ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ.